ಸಕ್ರಿಯ ಕಲಿಕೆ: ಬೋಧನಾ ವಿಧಾನಗಳ ಆಯ್ಕೆ

ಮಕ್ಕಳು ಪಾಠ ಕೇಳಿ ಬರೆದುಕೊಳ್ಳುವಷ್ಟಕ್ಕೆ ನಿಲ್ಲದೆ, ಪ್ರಶ್ನೆ ಕೇಳಿ, ಮಾಡಿ ನೋಡಿ, ಜೊತೆಯವರೊಂದಿಗೆ ಚರ್ಚಿಸಿ, ತಮ್ಮ ಉತ್ತರಕ್ಕೆ ಕಾರಣ ಕೊಟ್ಟು ಕಲಿಯುವ ತರಗತಿ ಕ್ರಮಕ್ಕೆ ಸಕ್ರಿಯ ಕಲಿಕೆ ಎಂದು ಹೆಸರು. ಜೋಡಿ ಚರ್ಚೆ, ಗುಂಪು ಕೆಲಸ, ಪ್ರಯೋಗ, ಯೋಜನಾ ಕಾರ್ಯ, ಆಟ, ನಾಟಕೀಕರಣ, ಪಾಟಿಯ ಮೇಲೆ ಉತ್ತರ ಬರೆದು ತೋರಿಸುವುದು ಇವೆಲ್ಲ ಇದರ ವಿಧಾನಗಳು. ಇವುಗಳಲ್ಲಿ ಯಾವುದೂ ಎಲ್ಲ ಪಾಠಕ್ಕೂ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಯಾವ ಹೊತ್ತಿಗೆ ಯಾವುದನ್ನು ಹಿಡಿಯಬೇಕೆಂಬ ತೀರ್ಮಾನವೇ ಶಿಕ್ಷಕರ ಕೆಲಸದ ಮುಖ್ಯ ಭಾಗ. ಕರ್ನಾಟಕದಲ್ಲಿ ಈ ಕ್ರಮವನ್ನು ಅತಿ ವ್ಯಾಪಕವಾಗಿ ಜಾರಿಗೆ ತಂದ ಪ್ರಯೋಗ ನಲಿ-ಕಲಿ. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ, ಅದೇ ಜಿಲ್ಲೆಯ ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಸೀಮೆಯ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳೂ ಇದರ ವ್ಯಾಪ್ತಿಯಲ್ಲಿವೆ.

ಪರಿಕಲ್ಪನೆ

ಮಗು ಕೈಯಲ್ಲಿ ಏನನ್ನೋ ಹಿಡಿದು ಗಡಿಬಿಡಿಯಿಂದ ಓಡಾಡಿದ ಮಾತ್ರಕ್ಕೆ ಕಲಿಕೆ ಸಕ್ರಿಯವಾಗುವುದಿಲ್ಲ. ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದರಲ್ಲೇ ಒಂದು ಅವಧಿ ಕಳೆದ ಮಗು, ಭಿನ್ನರಾಶಿಯ ಬಗ್ಗೆ ಒಂದು ಕ್ಷಣವೂ ಯೋಚಿಸದೆ ಹೊರಗೆ ಹೋಗಬಹುದು. ಸುಮ್ಮನೆ ಕೂತು ಶಿಕ್ಷಕರ ಮಾತು ಕೇಳುತ್ತಿರುವ ಮಗುವಿನ ತಲೆಯಲ್ಲಿ ಲೆಕ್ಕ ಓಡುತ್ತಿರಲೂಬಹುದು. ಆದ್ದರಿಂದ ಸಕ್ರಿಯತೆಯನ್ನು ಮಗುವಿಗೆ ಬಿದ್ದ ಯೋಚನೆಯ ಕೆಲಸದಿಂದ ಅಳೆಯಬೇಕು. ಹೋಲಿಸುವುದು, ಊಹಿಸುವುದು, ತಪ್ಪು ಪತ್ತೆ ಮಾಡುವುದು, ಕಾರಣ ಹೇಳುವುದು, ಕಲಿತದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಅಂಥ ಕೆಲಸಗಳು.

ಈ ವಿಚಾರಕ್ಕೆ ತಾತ್ವಿಕ ಬುನಾದಿ ಹಾಕಿದವರಲ್ಲಿ ಅಮೆರಿಕದ ಜಾನ್ ಡ್ಯೂಯಿ, ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, ರಷ್ಯಾದ ಲೆವ್ ವೈಗೋಟ್‌ಸ್ಕಿ ಮುಖ್ಯರು. ಅನುಭವದಿಂದ ಅರಿವು ಹುಟ್ಟುತ್ತದೆ ಎಂಬುದು ಡ್ಯೂಯಿಯ ನಿಲುವು. ಮಗು ತನ್ನ ತಿಳಿವಳಿಕೆಯನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ಪಿಯಾಜೆ ಹೇಳಿದರು. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ತಿಳಿದವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ಅಂತರದಲ್ಲೇ ಕಲಿಸುವ ಅವಕಾಶವಿದೆ ಎಂದವರು ವೈಗೋಟ್‌ಸ್ಕಿ. ವಿಧಾನದ ಆಯ್ಕೆಗೆ ಈ ಮೂರನೆಯ ಮಾತು ತೀರಾ ಉಪಯುಕ್ತ. ಬಲ್ಲದ್ದನ್ನೇ ಮತ್ತೆ ಮಾಡಿಸಿದರೆ ಮಗುವಿಗೆ ಬೇಸರ, ನೆರವಿದ್ದರೂ ನಿಲುಕದ್ದನ್ನು ಹೇರಿದರೆ ಅದು ಗಿಳಿಪಾಠ.

ಹಿನ್ನೆಲೆ

ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿ ಭಾರತದ ಊರ ಶಾಲೆಗಳಿಗೆ ಹೊಸದಲ್ಲ. ಜಗಲಿ, ಗುಡಿ, ಮಠಗಳಲ್ಲಿ ನಡೆಯುತ್ತಿದ್ದ ಅಯ್ಯಗಳ ಶಾಲೆಗಳಲ್ಲಿ ಮುಂದಿನ ಮಟ್ಟದ ಹುಡುಗ ಹಿಂದಿನವನಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ. ಮದರಾಸಿನ ಅನಾಥ ಬಾಲಕರ ಶಾಲೆಯ ಹೊಣೆ ಹೊತ್ತಿದ್ದ ಆಂಡ್ರ್ಯೂ ಬೆಲ್, ಸ್ಥಳೀಯ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಬರೆಯುವುದನ್ನು ಕಂಡು ಆ ಕ್ರಮವನ್ನು ತನ್ನ ಶಾಲೆಗೆ ತಂದು, ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿದ. 1797ರಲ್ಲಿ ಅವನು ಈ ಬಗ್ಗೆ ಪ್ರಕಟಿಸಿದ ವರದಿಯಿಂದ ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿ ಎಂದು ಹೆಸರಾಯಿತು. ಆದರೆ ಊರ ಶಾಲೆಯಾಗಲಿ, ಬೆಲ್‌ನ ಶಾಲೆಯಾಗಲಿ ಬಾಯಿಪಾಠವನ್ನು ಬಿಟ್ಟುಕೊಡಲಿಲ್ಲ. ಮಗ್ಗಿ ಒಪ್ಪಿಸುವುದು, ಪದ್ಯ ಒಪ್ಪಿಸುವುದೇ ಕಲಿತದ್ದಕ್ಕೆ ಸಾಕ್ಷಿಯಾಗಿತ್ತು.

ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆ 1956ರ ವರೆಗೆ ಮುಂಬಯಿ ಆಡಳಿತದಲ್ಲಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ನೆಲೆಗೊಳಿಸಲು ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. ಶಿಕ್ಷಕರ ತರಬೇತಿಗೆ ಧಾರವಾಡ ಕೇಂದ್ರವಾಯಿತು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವರು ಕನ್ನಡ ಸಾಲಿಯ ಮಾಸ್ತರರಾಗುವುದು ಈ ಭಾಗದಲ್ಲಿ ವಾಡಿಕೆಯಾಗಿತ್ತು.

20ನೆಯ ಶತಮಾನದಲ್ಲಿ ಬೇರೆ ಬೇರೆ ಕಡೆ ಹೊಸ ಪ್ರಯತ್ನಗಳು ನಡೆದವು. ಗುಜರಾತಿನ ಗಿಜುಭಾಯಿ ಬಧೇಕಾ (1885–1939) ಕಥೆ, ಆಟ, ನಾಟಕಗಳ ಮೂಲಕ ಕಲಿಸುವ ಕ್ರಮವನ್ನು ‘ದಿವಾಸ್ವಪ್ನ’ದಲ್ಲಿ ಒಬ್ಬ ಶಿಕ್ಷಕನ ಕಥೆಯಾಗಿ ಬರೆದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣ ಕೈಕಸುಬನ್ನು ಕಲಿಕೆಯ ನಡುವೆ ತಂದಿತು. ಕೃಷ್ಣಾ ದಂಡೆಯ ಆಲಮಟ್ಟಿಯಲ್ಲಿ ಹರ್ಡೇಕರ ಮಂಜಪ್ಪನವರು (1886–1947) ಗಾಂಧಿ ಮಾರ್ಗದಲ್ಲಿ ವಿದ್ಯಾಲಯ ನಡೆಸಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಮಾಡಿದರು. ಇವೆಲ್ಲ ಒಬ್ಬೊಬ್ಬರ ಬಲದಿಂದ ನಿಂತವು. ಅವು ಸರ್ಕಾರಿ ಶಾಲೆಯ ದಿನಚರಿಯಾಗಿ ಬದಲಾಗಲು ಶತಮಾನದ ಕೊನೆಯ ದಶಕ ಬರಬೇಕಾಯಿತು.

ನಲಿ-ಕಲಿ

ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಏಕೋಪಾಧ್ಯಾಯ ಶಾಲೆಗಳಿಗಾಗಿ, ಹಲವು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕಾರ್ಡು ಪದ್ಧತಿಯನ್ನು ರೂಪಿಸಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಲ್ಲಿ ನಲಿ-ಕಲಿಯನ್ನು ಆರಂಭಿಸಿದರು. ಕಾರ್ಡುಗಳನ್ನು ಬರೆದವರು, ಚಿತ್ರ ಹಾಕಿದವರು, ಹಾಡು ಕಟ್ಟಿದವರು ಆ ಶಿಕ್ಷಕರೇ. ಮುಂದೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೂಲಕ ಇದು ಬೇರೆ ಜಿಲ್ಲೆಗಳಿಗೂ ಹಬ್ಬಿತು. 2009–10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ 1 ಮತ್ತು 2ನೆಯ ತರಗತಿಗೆ, ಮರುವರ್ಷ 3ನೆಯ ತರಗತಿಗೆ ವಿಸ್ತರಿಸಿತು. ತಮಿಳುನಾಡಿನ ಚಟುವಟಿಕೆ ಆಧಾರಿತ ಕಲಿಕಾ ಕ್ರಮಕ್ಕೂ ರಿಷಿ ವ್ಯಾಲಿಯೇ ಪ್ರೇರಣೆ. ಕೊಲಂಬಿಯಾ ದೇಶದ ಹಳ್ಳಿಗಳಲ್ಲಿ 1970ರ ದಶಕದಲ್ಲಿ ಹುಟ್ಟಿದ ‘ಎಸ್ಕುಯೆಲಾ ನುಯೆವಾ’ ಇದಕ್ಕೆ ಹತ್ತಿರದ ಮತ್ತೊಂದು ಮಾದರಿ.

ನಲಿ-ಕಲಿಯಲ್ಲಿ 1ರಿಂದ 3ನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಕಲಿಯಬೇಕಾದದ್ದನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಚಿಕ್ಕ ಚಿಕ್ಕ ಚಟುವಟಿಕೆಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಜೋಡಿಸಲಾಗಿದೆ. ಪ್ರತಿ ಚಟುವಟಿಕೆಗೂ ಒಂದು ಚಿತ್ರಲಾಂಛನ ಇರುವುದರಿಂದ ಓದು ಬಾರದ ಮಗುವೂ ಏಣಿ ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳಬಲ್ಲದು. ಮಕ್ಕಳು ಐದು ಗುಂಪುಗಳಲ್ಲಿ ಕೂಡುತ್ತಾರೆ: ಶಿಕ್ಷಕರ ಸಂಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಸಹಪಾಠಿಗಳ ಸಂಪೂರ್ಣ ಸಹಾಯ, ಸಹಪಾಠಿಗಳ ಭಾಗಶಃ ಸಹಾಯ, ಸ್ವಕಲಿಕೆ. ಹೊಸದನ್ನು ಕಲಿಯುವಾಗ ಮೊದಲ ಗುಂಪಿನಲ್ಲಿರುವ ಮಗು ಅಭ್ಯಾಸ ಕುದುರಿದಂತೆ ಕೊನೆಯ ಗುಂಪಿನ ಕಡೆಗೆ ಸರಿಯುತ್ತದೆ. ತಲೆಯ ಮೇಲೆ ಮಕ್ಕಳ ಚಿತ್ರ, ಬರಹಗಳನ್ನು ತೂಗುಹಾಕುವ ಚಪ್ಪರ, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಕರಿಹಲಗೆ, ದಿನದಿನದ ಹವಾಮಾನ ನಕ್ಷೆ, ಪ್ರಗತಿ ನೋಟ ಇವು ಆ ಕೋಣೆಯ ಗುರುತುಗಳು.

ಅಕ್ಷರ ಕಲಿಸುವ ಅನುಕ್ರಮವೇ ಇಲ್ಲಿ ಬೇರೆ. ವರ್ಣಮಾಲೆಯ ಸಾಲು ಹಿಡಿದು ಅ, ಆ, ಇ, ಈ ಎಂದು ಹೋದರೆ ಬಹಳ ದಿನದ ವರೆಗೆ ಮಗುವಿಗೆ ಓದಲು ಒಂದು ಪದವೂ ಸಿಗುವುದಿಲ್ಲ. ನಲಿ-ಕಲಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರುವಾಗುತ್ತದೆ. ಅಷ್ಟರಲ್ಲೇ ಸರ, ದರ, ರಸ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮುಂದಿನ ಕಂತಿನ ಜ, ವ, ಮ, ಬ, ನ ಸೇರಿದರೆ ಮರ, ವನ, ಜನ, ನಗ, ಬಸವ ಓದಬಹುದು. ಕಾಗುಣಿತ ಇನ್ನೂ ಬಾರದ ಮಗು ಶಾಲೆಗೆ ಸೇರಿದ ಮೊದಲ ತಿಂಗಳುಗಳಲ್ಲೇ ಅರ್ಥವಿರುವ ಪದವನ್ನು ತಾನಾಗಿ ಓದುತ್ತದೆ. ಸಕ್ರಿಯ ಕಲಿಕೆಗೆ ಇಲ್ಲಿ ದಾರಿ ಮಾಡಿಕೊಟ್ಟದ್ದು ಆಟದ ಸಾಮಾನಿಗಿಂತ ಹೆಚ್ಚಾಗಿ ಪಾಠದ ಅನುಕ್ರಮ.

ಪ್ರಮುಖ ವಿಧಾನಗಳು

ಪ್ರಶ್ನೆ ಮತ್ತು ಕಾಯುವಿಕೆ. ಎಲ್ಲ ವಿಧಾನಗಳಲ್ಲಿ ಅಗ್ಗದ್ದು, ಎಲ್ಲ ತರಗತಿಗೂ ಒಗ್ಗುವಂಥದ್ದು ಇದೇ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡೂ ಕಾಯುವುದಿಲ್ಲ ಎಂದು ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಎಂದೂ ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ.

ಯೋಚಿಸಿ, ಜೋಡಿಯಾಗಿ, ಹಂಚಿಕೊಳ್ಳಿ. ಫ್ರಾಂಕ್ ಲೈಮನ್ 1981ರಲ್ಲಿ ವಿವರಿಸಿದ ಕ್ರಮ ಇದು. ಪ್ರಶ್ನೆಗೆ ಮಗು ಮೊದಲು ಒಂಟಿಯಾಗಿ ಯೋಚಿಸುತ್ತದೆ, ಪಕ್ಕದವರೊಂದಿಗೆ ಮಾತಾಡುತ್ತದೆ, ಆಮೇಲೆ ತರಗತಿಗೆ ಹೇಳುತ್ತದೆ. ಡೆಸ್ಕು ಸರಿಸಬೇಕಿಲ್ಲ, ಸಾಮಗ್ರಿ ಬೇಕಿಲ್ಲ. 50 ಮಕ್ಕಳಿರುವ ಕೋಣೆಯಲ್ಲೂ ನಡೆಯುತ್ತದೆ.

ಸಹಪಾಠಿ ಬೋಧನೆ. ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಕೆಣಕುವ ಒಂದು ಪ್ರಶ್ನೆ ಕೊಟ್ಟು, ಎಲ್ಲರ ಉತ್ತರವನ್ನೂ ಒಟ್ಟಿಗೆ ನೋಡಿ, ಉತ್ತರಗಳು ಹಂಚಿಹೋಗಿದ್ದರೆ ಚರ್ಚೆಗೆ ಬಿಟ್ಟು, ಮತ್ತೆ ಉತ್ತರ ಕೇಳುವುದು ಇದರ ಮರ್ಮ.

ತುಣುಕು ಜೋಡಣೆ. ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಕಪ್ಪು ಮತ್ತು ಬಿಳಿಯ ಮಕ್ಕಳು ಆಗಷ್ಟೇ ಒಟ್ಟಿಗೆ ಕೂತಿದ್ದ ತರಗತಿಗಳಿಗಾಗಿ ಇದನ್ನು ತಂದರು. ಪಾಠವನ್ನು ನಾಲ್ಕು ತುಣುಕು ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ವಹಿಸುತ್ತಾರೆ. ಒಂದೇ ತುಣುಕಿನವರು ಮೊದಲು ಕೂಡಿ ಕಲಿತು, ಬಳಿಕ ತಮ್ಮ ಗುಂಪಿಗೆ ಮರಳಿ ಕಲಿಸುತ್ತಾರೆ. ಕೃಷ್ಣಾ ನದಿಯ ಪಾಠಕ್ಕೆ ಘಟಪ್ರಭಾ, ಮಲಪ್ರಭಾ, ಡೋಣಿ, ಭೀಮಾ ಎಂದು ನಾಲ್ಕು ತುಣುಕು ಮಾಡಿದರೆ ಆರು, ಏಳನೆಯ ತರಗತಿಗೆ ಸರಿಹೊಂದುತ್ತದೆ. ಓದಿ ಅರ್ಥ ಮಾಡಿಕೊಳ್ಳಲು ಬಾರದ ಮಕ್ಕಳಿರುವಲ್ಲಿ ಇದು ನಡೆಯುವುದಿಲ್ಲ. ಒಂದು ತುಣುಕು ತಪ್ಪಾದರೆ ಇಡೀ ಗುಂಪು ತಪ್ಪು ಕಲಿಯುತ್ತದೆ.

ಐದು ಹಂತದ ಪಾಠಯೋಜನೆ. ತೊಡಗಿಸುವುದು, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಈ ಕ್ರಮ 1980ರ ದಶಕದಲ್ಲಿ ಅಮೆರಿಕದ ವಿಜ್ಞಾನ ಪಠ್ಯಕ್ರಮದಿಂದ ಬಂದದ್ದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಅನುಸರಿಸಿ ಹೊಸ ಪಠ್ಯಪುಸ್ತಕಗಳು ಬಂದಾಗ ಕರ್ನಾಟಕದ ಶಿಕ್ಷಕರ ತರಬೇತಿಯಲ್ಲೂ ಇದು ಬಳಕೆಗೆ ಬಂತು. ಪದದ ಅರ್ಥ ಹೇಳುವ ಮೊದಲು ವಸ್ತುವನ್ನು ಮುಟ್ಟಿ ನೋಡಲು ಬಿಡುವುದು ಇದರ ಬಲ.

ಯೋಜನಾ ಕಾರ್ಯ ಮತ್ತು ಕ್ಷೇತ್ರ ಭೇಟಿ. ವಾರಗಟ್ಟಲೆ ಮಾಹಿತಿ ಕೂಡಿಸಿ, ಹೋಲಿಸಿ, ವರದಿ ಮಾಡುವ ಕೆಲಸ ಇದು. ಪರಿಸರ ಅಧ್ಯಯನ, ಸಮಾಜ ವಿಜ್ಞಾನಕ್ಕೆ ಒಪ್ಪುತ್ತದೆ. ಮನೆಯ ಹಿರಿಯರು ಮಾಡಿಕೊಟ್ಟ ಚಾರ್ಟನ್ನು ಗೋಡೆಗೆ ಅಂಟಿಸುವಲ್ಲಿಗೆ ಇದು ಮುಗಿಯಬಾರದು.

ಆಟ, ಹಾಡು, ನಾಟಕೀಕರಣ. ಕೆಳಗಿನ ತರಗತಿಗಳ ಭಾಷೆ ಮತ್ತು ಗಣಿತಕ್ಕೆ ಇವು ನೆರವಾಗುತ್ತವೆ. ಹುಣಸೆಬೀಜ ಎಣಿಸುವುದು, ಚೌಕಾಬಾರ ಆಡುವುದು, ಒಗಟು ಬಿಡಿಸುವುದು ಮಕ್ಕಳಿಗೆ ಮನೆಯಿಂದಲೇ ಗೊತ್ತು.

ನೇರ ವಿವರಣೆ. ಸಕ್ರಿಯ ಕಲಿಕೆಯ ಪಟ್ಟಿಯಿಂದ ಇದನ್ನು ಹೊಡೆದುಹಾಕುವುದು ತಪ್ಪು. ಹೊಸ ಲಿಪಿ, ಹೊಸ ಲೆಕ್ಕದ ಕ್ರಮ, ಉಪಕರಣ ಹಿಡಿಯುವ ಬಗೆ ಇವನ್ನು ಶಿಕ್ಷಕರು ಹಲಗೆಯ ಮೇಲೆ ಬಿಡಿಸಿ ತೋರಿಸಿ, ಮಕ್ಕಳಿಂದ ಜೊತೆಯಲ್ಲೇ ಮಾಡಿಸಿ, ಆಮೇಲೆ ಒಂಟಿಯಾಗಿ ಮಾಡಲು ಬಿಡಬೇಕು.

ಆಯ್ಕೆಯ ಆಧಾರಗಳು

ವಿಧಾನವನ್ನು ಆರಿಸುವಾಗ ಮೊದಲು ಗೊತ್ತಾಗಬೇಕಾದದ್ದು ಮಕ್ಕಳಿಗೆ ಈವತ್ತು ಎಷ್ಟು ಬರುತ್ತದೆ ಎಂಬುದು. ಐದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಮಗು ಐದನೆಯ ತರಗತಿಯ ಪಠ್ಯ ಓದಬಲ್ಲದೆಂದು ಹೇಳಲಾಗದು. ಪ್ರಥಮ್ ಸಂಸ್ಥೆ ಬೆಳೆಸಿದ ಮಟ್ಟಕ್ಕೆ ತಕ್ಕ ಬೋಧನೆಯಲ್ಲಿ ತರಗತಿಯ ಗೋಡೆ ದಾಟಿ, ಅಕ್ಷರ, ಪದ, ವಾಕ್ಯ, ಕಥೆ ಎಂದು ಓದಿನ ಮಟ್ಟ ನೋಡಿ ಗುಂಪು ಮಾಡುತ್ತಾರೆ. ಕರ್ನಾಟಕದಲ್ಲಿ ‘ಓದು ಕರ್ನಾಟಕ’ ಕಾರ್ಯಕ್ರಮ 4 ಮತ್ತು 5ನೆಯ ತರಗತಿಗೆ ಇದೇ ದಾರಿ ಹಿಡಿಯಿತು.

ಎರಡನೆಯದು ಕಲಿಯಬೇಕಾದ ಅಂಶದ ಸ್ವಭಾವ. ಮಗ್ಗಿ, ಕಾಗುಣಿತದಂಥವು ಮರುಮರು ಅಭ್ಯಾಸದಿಂದ ನಾಲಿಗೆಗೆ, ಕೈಗೆ ಹತ್ತಬೇಕು. ಭಿನ್ನರಾಶಿ, ಸಾಂದ್ರತೆ, ನೆರಳಿನಂಥ ಪರಿಕಲ್ಪನೆಗಳಿಗೆ ಮಾಡಿ ನೋಡುವುದೂ ವಾದವೂ ಬೇಕು. ಒಂದು ಚಾರಿತ್ರಿಕ ಘಟನೆಯ ಎರಡು ಮಗ್ಗುಲನ್ನು ನೋಡಲು ಚರ್ಚೆ, ಪಾತ್ರಾಭಿನಯ ಸಾಕು. ಒಂದಕ್ಕೆ ಒಪ್ಪುವುದನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ವಿಧಾನ ಸೋಲುವುದು ಹೆಚ್ಚು.

ಮೂರನೆಯದು ಕೋಣೆಯ ಸ್ಥಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರನ್ನು ಹೇಳುತ್ತದೆ. ಅಂದರೆ ಐದು ತರಗತಿಗೆ ಇಬ್ಬರು. ಒಬ್ಬರು ಸಭೆಗೋ ತರಬೇತಿಗೋ ಹೋದರೆ ಉಳಿದವರೊಬ್ಬರೇ. ಇಂಥಲ್ಲಿ ಶಿಕ್ಷಕರ ಗಮನವನ್ನೆಲ್ಲ ಒಂದೇ ಗುಂಪಿಗೆ ಕಟ್ಟಿಹಾಕುವ ವಿಧಾನ ನಡೆಯದು. ಒಂದು ಗುಂಪಿಗೆ ಹೊಸ ಪಾಠ, ಉಳಿದವುಗಳಿಗೆ ತಾವೇ ತಿದ್ದಿಕೊಳ್ಳಬಲ್ಲ ಕೆಲಸ ಎಂಬ ಹೊಂದಾಣಿಕೆ ಬೇಕು. ಇದೇ ಕಾಯ್ದೆಯ 29ನೆಯ ಪ್ರಕರಣ ಚಟುವಟಿಕೆ, ಅನ್ವೇಷಣೆಗಳ ಮೂಲಕ ಮಗುಸ್ನೇಹಿಯಾಗಿ ಕಲಿಸಬೇಕೆಂದೂ ಹೇಳುತ್ತದೆ.

ನಾಲ್ಕನೆಯದು ವೇಳೆ. 40 ನಿಮಿಷದ ಅವಧಿಯಲ್ಲಿ ಗುಂಪು ಮಾಡಿ ಕೂರಿಸುವುದಕ್ಕೆ 15 ನಿಮಿಷ ಹೋದರೆ ಜೋಡಿ ಚರ್ಚೆಯೇ ವಾಸಿ. ಐದನೆಯದು ಶಿಕ್ಷಕರ ಸ್ವಂತ ಹಿಡಿತ. ಒಂದೆರಡು ವಿಧಾನಗಳನ್ನು ವರ್ಷವಿಡೀ ಪಳಗಿಸಿಕೊಂಡವರ ತರಗತಿಯಲ್ಲಿ ಮಕ್ಕಳಿಗೂ ಆ ಕ್ರಮ ರೂಢಿಯಾಗಿ, ಸೂಚನೆ ಕೊಡುವ ವೇಳೆ ಉಳಿಯುತ್ತದೆ.

ಒಂದು ಪಾಠದ ನಡೆ

ಐದನೆಯ ತರಗತಿಯ ಭಿನ್ನರಾಶಿ ಪಾಠದಲ್ಲಿ ಈ ಆಧಾರಗಳು ಹೇಗೆ ಕೆಲಸ ಮಾಡುತ್ತವೆಂದು ನೋಡಬಹುದು. ಅಕ್ಕೋರು (ಶಿಕ್ಷಕಿ) ಹಲಗೆಯ ಮೇಲೆ ಬರೆಯುತ್ತಾರೆ: ಒಂದೇ ಅಳತೆಯ ಎರಡು ರೊಟ್ಟಿಗಳಲ್ಲಿ ಒಂದರ 1/4 ಭಾಗ, ಇನ್ನೊಂದರ 1/6 ಭಾಗ, ಯಾವುದು ದೊಡ್ಡದು? ಯಾರೂ ಮಾತಾಡದೆ ಪಾಟಿಯ ಮೇಲೆ ಉತ್ತರ ಬರೆದು, ‘ಹಿಡೀರಿ’ ಎಂದಾಗ ಎಲ್ಲರೂ ಒಮ್ಮೆಗೇ ಎತ್ತಿ ಹಿಡಿಯಬೇಕು. ಕೈ ಎತ್ತಿದವರನ್ನಷ್ಟೇ ಕೇಳಿದರೆ ಬಲ್ಲವರ ಉತ್ತರ ಮಾತ್ರ ಸಿಗುತ್ತದೆ. ಪಾಟಿ ಎತ್ತಿದರೆ ಹಿಂದಿನ ಸಾಲಿನ ಮಗುವಿನ ತಿಳಿವಳಿಕೆಯೂ ಕಾಣುತ್ತದೆ.

ಮುಂದಿನ ನಡೆ ಪಾಟಿಗಳ ಮೇಲೆ ಕಂಡದ್ದನ್ನು ಅವಲಂಬಿಸಿದೆ. ಬಹುತೇಕ ಎಲ್ಲರೂ 1/4 ಎಂದಿದ್ದರೆ ಒಬ್ಬರಿಂದ ಕಾರಣ ಹೇಳಿಸಿ ಮುಂದಕ್ಕೆ ಹೋಗಬಹುದು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು 1/6 ಎಂದಿದ್ದರೆ ಅದು ಜೋಡಿ ಚರ್ಚೆಗೆ ಹೇಳಿ ಮಾಡಿಸಿದ ಹೊತ್ತು. ಬೇರೆ ಉತ್ತರ ಬರೆದವರನ್ನು ಹುಡುಕಿ ಒಪ್ಪಿಸಲು ಹೇಳಬೇಕು. ‘ಅಕ್ಕೋರ, ಆರು ನಾಕಕ್ಕಿಂತ ದೊಡ್ಡದೈತಲ್ರಿ’ ಎನ್ನುವ ಹುಡುಗನಿಗೆ, ‘ಆರು ಮಂದಿ ಹಂಚ್ಕೊಂಡ್ರ ನಿನಗ ಸಣ್ಣ ತುಂಡ ಬರ್ತದಲ್ಲೋ’ ಎಂದು ಪಕ್ಕದವಳು ಹೇಳುವ ಮಾತು ಪುಸ್ತಕದ ನಿಯಮಕ್ಕಿಂತ ಬೇಗ ತಟ್ಟುತ್ತದೆ. ಎರಡನೆಯ ಸಲ ಪಾಟಿ ಎತ್ತಿಸಿದಾಗ ಬದಲಾವಣೆ ಕಾಣುತ್ತದೆ.

ಎಲ್ಲರೂ 1/6 ಎಂದೇ ಬರೆದಿದ್ದರೆ ಚರ್ಚೆಗೆ ಬಿಡುವುದು ವ್ಯರ್ಥ, ಏಕೆಂದರೆ ಒಪ್ಪಿಸಬಲ್ಲವರು ಯಾರೂ ಇಲ್ಲ. ಆಗ ಕಾಗದದ ಎರಡು ಸಮನಾದ ಪಟ್ಟಿಗಳನ್ನು ಮಡಚಿಸಿ ಪಕ್ಕಪಕ್ಕ ಇರಿಸಿ ನೋಡಿಸಬೇಕು. ರೊಟ್ಟಿಯ ವೃತ್ತವನ್ನು ಆರು ಸಮಭಾಗ ಮಾಡುವುದು ಮಕ್ಕಳಿಗೆ ಕಷ್ಟ, ಪಟ್ಟಿಯನ್ನು ಮಡಚುವುದು ಸುಲಭ. ಕೊನೆಗೆ 1/5 ಮತ್ತು 1/8ರಂಥ ಹೊಸ ಜೋಡಿ ಕೊಟ್ಟು ಒಬ್ಬೊಬ್ಬರಾಗಿ ಬರೆಸದೆ ಪಾಠ ಮುಗಿಸಬಾರದು. ಚರ್ಚೆಯಲ್ಲಿ ತಲೆಯಾಡಿಸಿದ ಮಗುವಿಗೆ ತಿಳಿದಿದೆಯೇ ಎಂಬುದು ಅಲ್ಲೇ ಗೊತ್ತಾಗುವುದು.

ತಂಗಡಗಿ ಸೀಮೆಯ ಸಂದರ್ಭ

ತಂಗಡಗಿ ಕೃಷ್ಣಾ ನದಿಯ ದಂಡೆಯಲ್ಲಿ, ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ನಡುವೆ ಇರುವ ಊರು. ಹೊಳೆಯಾಚೆ ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆ. ಬಸವಣ್ಣನವರ ಪತ್ನಿ ನೀಲಾಂಬಿಕೆ ಇಲ್ಲಿ ಐಕ್ಯಳಾದಳೆಂಬುದು ಶರಣ ಪರಂಪರೆಯ ನಂಬಿಕೆ. ಶರಣ ಹಡಪದ ಅಪ್ಪಣ್ಣನ ಹೆಸರಿನ ಪೀಠವೂ ಊರಿನಲ್ಲಿದೆ. ನದಿ, ಜಲಾಶಯ, ಮುಳುಗಡೆ, ವಲಸೆ, ಶರಣರ ಚರಿತ್ರೆ ಇವೆಲ್ಲ ಸಮಾಜ ವಿಜ್ಞಾನದ ಪಠ್ಯದಲ್ಲಿ ಬರುವ ವಿಷಯಗಳೇ. ಹಿನ್ನೀರು ಬರುವ ಮೊದಲು ಹೊಲ ಎಲ್ಲಿತ್ತು, ಯಾವ ಬೆಳೆ ಇತ್ತು, ದಾಟುವುದು ಹೇಗಿತ್ತು ಎಂದು ಮನೆಯ ಅಜ್ಜ, ಆಯಿಯನ್ನು ಕೇಳಿ ಬರೆದು ತರುವ ಯೋಜನಾ ಕಾರ್ಯಕ್ಕೆ ಹೊಳೆಸಾಲಿನ ಶಾಲೆಗಳಲ್ಲಿ ಹಣ ಬೇಕಿಲ್ಲ. ಎರಡು ಮನೆಯ ಉತ್ತರ ಬೇರೆಯಾದಾಗ ಯಾವುದನ್ನು ಹೇಗೆ ನಂಬುವುದೆಂದು ತರಗತಿಯಲ್ಲಿ ತೂಗಿ ನೋಡುವುದೇ ಚರಿತ್ರೆಯ ಪಾಠ.

ಈ ಸೀಮೆಯಲ್ಲಿ ವಿಧಾನದ ಆಯ್ಕೆಯನ್ನು ಬಿಗಿಯಾಗಿ ಕಟ್ಟುವ ಸಂಗತಿ ಎಂದರೆ ವಲಸೆ. ಮಳೆಯಾಶ್ರಿತ ಜೋಳ, ತೊಗರಿಯ ಒಕ್ಕಲುತನದ ಬಿಡುವಿನಲ್ಲಿ ಜಿಲ್ಲೆಯ ಅನೇಕ ಕುಟುಂಬಗಳು, ವಿಶೇಷವಾಗಿ ಲಂಬಾಣಿ ತಾಂಡಾಗಳವರು, ಗೋವಾ, ಮಹಾರಾಷ್ಟ್ರಗಳಿಗೆ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲು ಹೋಗುತ್ತವೆ. ಜೊತೆಗೆ ಹೋದ ಮಗು ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಳ್ಳುತ್ತದೆ. ಇಡೀ ತರಗತಿ ಒಂದೇ ಪುಟದಲ್ಲಿ ಸಾಗುವ ಪಾಠಕ್ಕೆ ಮರಳಿ ಬಂದ ಮಗು ಸೇರಿಕೊಳ್ಳಲಾರದು. ಏಣಿಯ ಕ್ರಮದಲ್ಲಾದರೆ ಬಿಟ್ಟುಹೋದ ಮೆಟ್ಟಿಲಿನಿಂದಲೇ ಹಿಡಿಯಬಹುದು. ನಲಿ-ಕಲಿಯ ರಚನೆ ಇಂಥ ಊರುಗಳಿಗೆ ಹೊಂದುವುದಕ್ಕೆ ಮುಖ್ಯ ಕಾರಣ ಇದೇ. ನಾಲ್ಕನೆಯ ತರಗತಿಯಿಂದ ಏಣಿ ಇಲ್ಲದಿರುವುದರಿಂದ, ಮೇಲಿನ ತರಗತಿಯ ಶಿಕ್ಷಕರು ಘಟಕವಾರು ಅಭ್ಯಾಸ ಹಾಳೆ, ಸಹಪಾಠಿ ಜೋಡಿಗಳಂಥ ವ್ಯವಸ್ಥೆಯನ್ನು ತಾವೇ ಮಾಡಿಕೊಳ್ಳಬೇಕಾಗುತ್ತದೆ.

ಆಯ್ಕೆಯನ್ನು ಕಟ್ಟುವ ಎರಡನೆಯ ಸಂಗತಿ ಮನೆಮಾತು. ತಾಂಡಾದ ಮಗುವಿನ ಮನೆಯಲ್ಲಿ ಗೋರಬೋಲಿ, ಕೆಲವು ಓಣಿಗಳಲ್ಲಿ ಉರ್ದು, ಇಂಡಿಯ ಗಡಿಯ ಕಡೆ ಮರಾಠಿ. ಕನ್ನಡದ ಮನೆಯ ಮಗುವಿಗೂ ಪಠ್ಯದ ಕಡಲೆಕಾಯಿ ಶೇಂಗಾ, ಈರುಳ್ಳಿ ಉಳ್ಳಾಗಡ್ಡಿ. ಮೊದಲ ವರ್ಷಗಳಲ್ಲಿ ಜೋಡಿ ಚರ್ಚೆಯನ್ನು ಮನೆಮಾತಿನಲ್ಲಿ ನಡೆಸಲು ಬಿಟ್ಟು, ಹಂಚಿಕೊಳ್ಳುವಾಗ ಶಾಲೆಯ ಕನ್ನಡಕ್ಕೆ ತರುವುದು ಒಳ್ಳೆಯದು. ಮಾತಿನಲ್ಲಿ ತಪ್ಪಾದೀತೆಂಬ ಅಂಜಿಕೆಯಿಂದ ಯೋಚನೆಯೇ ನಿಲ್ಲಬಾರದು.

ಭಾಷೆಯ ಸಾಮಗ್ರಿಗೆ ಈ ಸೀಮೆ ಬಡವಲ್ಲ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ಸಂಗ್ರಹಿಸಿದ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚಾದವು. ಆ ಗೆಳೆಯರಲ್ಲಿ ಒಬ್ಬರಾದ ಸಿಂಪಿ ಲಿಂಗಣ್ಣ ಪ್ರಾಥಮಿಕ ಶಾಲೆಯ ಶಿಕ್ಷಕರು. ಮಕ್ಕಳು ತಮ್ಮ ಮನೆಯ ಬೀಸುವ ಹಾಡು, ಒಗಟು, ಗಾದೆಗಳನ್ನು ಸಂಗ್ರಹಿಸಿ ಬರೆದು ಓದುವ ಚಟುವಟಿಕೆಗೆ ಇದಕ್ಕಿಂತ ಹತ್ತಿರದ ಮಾದರಿ ಬೇಕಿಲ್ಲ.

2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ರಾಜ್ಯ ಸರ್ಕಾರ ‘ವಿದ್ಯಾಗಮ’ದ ಮೂಲಕ ಶಿಕ್ಷಕರನ್ನು ಓಣಿಗಳಿಗೆ, ಗುಡಿಯ ಪ್ರಾಂಗಣ, ಸಮುದಾಯ ಭವನಗಳಿಗೆ ಕಳುಹಿಸಿ ಚಿಕ್ಕ ಗುಂಪುಗಳಲ್ಲಿ ಪಾಠ ನಡೆಸಿತು. 2022–23ರಲ್ಲಿ ‘ಕಲಿಕಾ ಚೇತರಿಕೆ’ ಹಿಂದುಳಿದ ಕಲಿಕೆಯನ್ನು ಕಲಿಕಾ ಹಾಳೆಗಳ ಮೂಲಕ ತುಂಬಿಸಲು ಹೊರಟಿತು. ಮಕ್ಕಳ ಮಟ್ಟ ನೋಡಿ ಪಾಠ ಹೇಳಬೇಕೆಂಬ ಮಾತು ಈ ಎರಡರಿಂದ ಮೇಲಿನ ತರಗತಿಗಳಿಗೂ ಏರಿತು.

ಸಂಶೋಧನೆ ಮತ್ತು ಆಕ್ಷೇಪಗಳು

ಸಕ್ರಿಯ ಕಲಿಕೆಯ ಪರವಾಗಿ ಹೆಚ್ಚು ಉಲ್ಲೇಖಗೊಳ್ಳುವುದು ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರ 2014ರ ವಿಶ್ಲೇಷಣೆ. ಕಾಲೇಜು ಮಟ್ಟದ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಅವರು ಒಟ್ಟುಗೂಡಿಸಿ ನೋಡಿದರು. ಉಪನ್ಯಾಸದ ತರಗತಿಗಳಲ್ಲಿ ಶೇ. 34ರಷ್ಟು ವಿದ್ಯಾರ್ಥಿಗಳು ನಪಾಸಾದರೆ, ಸಕ್ರಿಯ ತರಗತಿಗಳಲ್ಲಿ ಆ ಪ್ರಮಾಣ ಶೇ. 22. ಹಾರ್ವರ್ಡ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೇಳುವುದು ಕುತೂಹಲಕರ: ಸಕ್ರಿಯ ತರಗತಿಯವರು ಹೆಚ್ಚು ಕಲಿತಿದ್ದರೂ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ತಲೆಗೆ ಕೆಲಸ ಬಿದ್ದಾಗ ಆಗುವ ತಡಕಾಟವನ್ನು ಅವರು ಕಲಿಯದಿರುವಿಕೆ ಎಂದು ಎಣಿಸಿದರು. ‘ಸರ್ರು ಪಾಠಾನ ಹೇಳೂದಿಲ್ಲ, ಬರೇ ಆಟ ಆಡಸ್ತಾರ’ ಎಂಬ ಪಾಲಕರ ದೂರಿನ ಹಿಂದೆಯೂ ಇಂಥದೇ ಎಣಿಕೆ ಇದೆ.

ವಿರುದ್ಧದ ವಾದವೂ ಗಟ್ಟಿಯಾದದ್ದೇ. ಕಿರ್ಶ್ನರ್, ಸ್ವೆಲರ್, ಕ್ಲಾರ್ಕ್ ಎಂಬ ಮೂವರು 2006ರಲ್ಲಿ ಬರೆದ ಲೇಖನದಲ್ಲಿ, ಮಾರ್ಗದರ್ಶನವಿಲ್ಲದೆ ತಾನೇ ಕಂಡುಹಿಡಿಯಲು ಬಿಟ್ಟರೆ ಹೊಸಬರ ಸ್ಮರಣಶಕ್ತಿಯ ಮೇಲೆ ಹೊರೆ ಬಿದ್ದು ಕಲಿಕೆ ಕುಂಠಿತವಾಗುತ್ತದೆ ಎಂದರು. ಈ ಎರಡೂ ವಾದಗಳು ಕೂಡುವ ಒಂದು ಜಾಗವಿದೆ: ವಿಷಯ ಹೊಸದಿದ್ದಷ್ಟೂ ಶಿಕ್ಷಕರ ನೆರವು ಹೆಚ್ಚಿರಬೇಕು, ಹಿಡಿತ ಬಂದಂತೆ ಅದು ಕಡಿಮೆಯಾಗಬೇಕು. ನಲಿ-ಕಲಿಯ ಐದು ಗುಂಪುಗಳ ಕ್ರಮವೂ ಇದನ್ನೇ ಮಾಡುತ್ತದೆ.

ನಲಿ-ಕಲಿಯ ಮೇಲಿನ ಆಕ್ಷೇಪಗಳು ಹೆಚ್ಚಾಗಿ ಅದರ ಜಾರಿಗೆ ಸಂಬಂಧಿಸಿವೆ. ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕಟ್ಟಿದ್ದು, ರಾಜ್ಯಕ್ಕೆ ಹಬ್ಬಿದಾಗ ಮೇಲಿನಿಂದ ಬಂದ ಆದೇಶವಾಯಿತು. ಹರಿದ, ಕಳೆದ ಕಾರ್ಡುಗಳ ಜಾಗಕ್ಕೆ ಹೊಸವು ಬರುವುದು ತಡ. ಹೆಚ್ಚು ಮಕ್ಕಳಿರುವ ಕೋಣೆಯಲ್ಲಿ ಐದು ಗುಂಪುಗಳನ್ನೂ ಒಬ್ಬರೇ ನೋಡುವುದು ಕಷ್ಟ. ದಾಖಲೆ ತುಂಬುವುದೇ ಗುರಿಯಾದರೆ ಮಗು ಕಾರ್ಡು ಮುಗಿಸಿದ್ದನ್ನು ಗುರುತು ಹಾಕುತ್ತಾರೆ, ಕಲಿತದ್ದನ್ನು ನೋಡುವುದಿಲ್ಲ. ಮೂರು ವರ್ಷ ನೆಲದ ಮೇಲೆ ಗುಂಪಾಗಿ ಕೂತು ಕಲಿತ ಮಗು ನಾಲ್ಕನೆಯ ತರಗತಿಯಲ್ಲಿ ಒಮ್ಮೆಲೇ ಪಠ್ಯಪುಸ್ತಕ, ಸಾಲು, ಮೌನಕ್ಕೆ ಹೊಂದಿಕೊಳ್ಳಬೇಕಾಗುವುದೂ ಒಂದು ಕೊರತೆ.

ಮೌಲ್ಯಮಾಪನ ಮತ್ತು ಶಿಕ್ಷಕರ ಸಿದ್ಧತೆ

ಪರೀಕ್ಷೆ ಬಾಯಿಪಾಠವನ್ನೇ ಕೇಳಿದರೆ ಎಂಥ ವಿಧಾನವೂ ಕೊನೆಗೆ ಬಾಯಿಪಾಠಕ್ಕೆ ಮರಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಬಳಿಕ ಬಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಉದ್ದೇಶ ಕಲಿಯುವಾಗಲೇ ನೋಡಿ ತಿದ್ದುವುದು. ಆದರೆ ಅದು ಎಷ್ಟೋ ಕಡೆ ಅಂಕಪಟ್ಟಿ ತುಂಬುವ ಕೆಲಸವಾಗಿ ಉಳಿದಿದೆ. ಪಾಟಿ ಎತ್ತಿಸುವುದು, ದಿನದ ಕೊನೆಗೆ ಒಂದು ಪ್ರಶ್ನೆಗೆ ಚೀಟಿಯಲ್ಲಿ ಉತ್ತರ ಬರೆಸುವುದು, ಹಿಂದಿನ ವಾರದ ಪಾಠದ ಮೇಲೆ ಎರಡು ಪ್ರಶ್ನೆ ಕೇಳುವುದು ಇಂಥ ಚಿಕ್ಕ ಕ್ರಮಗಳು ಆ ಉದ್ದೇಶಕ್ಕೆ ಹೆಚ್ಚು ಹತ್ತಿರ. ಕಲಿತದ್ದನ್ನು ನೆನಪಿನಿಂದ ಹೊರತೆಗೆಯುವುದೇ ಕಲಿಕೆಯನ್ನು ಗಟ್ಟಿಗೊಳಿಸುತ್ತದೆಂದು ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದ್ದಾರೆ.

ಶಿಕ್ಷಕರ ತರಬೇತಿಗೆ ಜಿಲ್ಲಾ ಮಟ್ಟದಲ್ಲಿ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ತಾಲ್ಲೂಕಿನಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಕೆಲವು ಶಾಲೆಗಳ ಗುಂಪಿಗೆ ಕ್ಲಸ್ಟರ್ ಕೇಂದ್ರ ಇವೆ. ಕ್ಲಸ್ಟರಿನ ಸಮಾಲೋಚನಾ ಸಭೆ ಸುತ್ತೋಲೆ ಓದುವುದರಲ್ಲೇ ಮುಗಿಯದೆ, ಒಬ್ಬರು ಪಾಠ ಮಾಡಿ ಉಳಿದವರು ಮಕ್ಕಳ ಉತ್ತರಗಳನ್ನು ಬರೆದುಕೊಂಡು ಚರ್ಚಿಸುವ ಜಾಗವಾದರೆ ಆಯ್ಕೆಯ ವಿವೇಕ ಬೆಳೆಯುತ್ತದೆ. ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಮಾಡಿದ್ದು ಇಂಥದೇ ಕೆಲಸ: ಇನ್ನೊಬ್ಬರ ತರಗತಿಯನ್ನು ಕಣ್ಣಾರೆ ನೋಡಿ, ತಮ್ಮ ಮಕ್ಕಳಿಗೆ ಬೇಕಾದಂತೆ ತಿದ್ದಿ ಬರೆದುಕೊಂಡರು. ವಲಸೆಯ ತಿಂಗಳುಗಳು, ತಾಂಡಾದ ಮನೆಮಾತು, ಇಬ್ಬರೇ ಶಿಕ್ಷಕರಿರುವ ಶಾಲೆ ಇವನ್ನು ಲೆಕ್ಕಕ್ಕೆ ಹಿಡಿದು ನಾಲ್ಕನೆಯ ತರಗತಿಯಿಂದ ಮೇಲಕ್ಕೆ ಹಾಗೆ ತಿದ್ದಿ ಬರೆಯುವ ಕೆಲಸ ಕೃಷ್ಣಾ, ಭೀಮಾ ದಂಡೆಯ ಶಾಲೆಗಳಲ್ಲಿ ಆಗಬೇಕಿದೆ.